ಜಾಗಾ ಇಲ್ಲದ ಗಾಡಿ

ಮೊನ್ನೆ ರವಿವಾರ ಬೆಳಗಾವಿಯಿಂದ ಬಂದಿದ್ದ ಒಬ್ಬ ಗೃಹಸ್ಥ ನಮ್ಮ ಕಾರಿನ ಎಡಗಡೆಯ ಸೀಟಿನ ಕೆಳಗೆ ಕೈ ಹಾಕಿ, ಏನನ್ನೋ ಹೆಕ್ಕಿ ತೆಗೆದು ನನ್ನ ಅಂಗೈಯಲ್ಲಿಟ್ಟ. ನೋಡಿದರೆ ಶೇಂಗಾ ಸಿಪ್ಪೆ. ಒಣಗಿ, ಬಣ್ಣಗೆಟ್ಟು, ಮುಟ್ಟಿದರೆ ಪುಡಿಯಾಗುವಂತಿತ್ತು. "ಸರ್, ಇಂಥಾವೆಲ್ಲಾ ಇರಬಾರದ್ರಿ. ಒಳಗ ಪೂರಾ ಕ್ಲೀನ್ ಮಾಡಸ್ರಿ," ಎಂದ. ನಾನು ಹೂಂ ಎಂದೆ. ಆದರೆ ಸಿಪ್ಪೆಯನ್ನು ಚೆಲ್ಲಲಿಲ್ಲ, ಅವನಿಗೆ ಕಾಣದಂತೆ ಅಂಗಿಯ ಜೇಬಿಗೆ ಹಾಕಿಕೊಂಡೆ. ಐವತ್ತು ದಾಟಿದ ಮನುಷ್ಯ ಕಸ ಕದಿಯುವುದನ್ನು ನೀವು ನೋಡಿದ್ದರೆ ನಕ್ಕುಬಿಡುತ್ತಿದ್ದಿರಿ.

ಅವನ ಹೆಸರು ಪ್ರವೀಣ. ತೊಂಬತ್ತರ ದಶಕದ ಕಾರುಗಳನ್ನು ಜೋಪಾನ ಮಾಡುವವರದೊಂದು ಗುಂಪಿದೆಯಂತೆ, ಅದರಲ್ಲಿ ಅವನೂ ಒಬ್ಬ. ಹಳೆಯ ಕಾರೆಂದರೆ ಅಜ್ಜಂದಿರ ಕಾಲದ, ಉರುಟು ದೀಪದ, ಮದುವೆಯಲ್ಲಿ ಹೂವು ಸುತ್ತಿಸಿಕೊಂಡು ನಿಲ್ಲುವ ಗಾಡಿಗಳು ಎಂದು ನಾನು ತಿಳಿದಿದ್ದೆ. ಈಗ ನನ್ನ ಮದುವೆಯ ಕಾಲದ ಗಾಡಿಗಳೂ ಆ ಸಾಲಿಗೆ ಸೇರಿವೆ ಎಂದು ಅವನು ಸಂತೋಷದಿಂದ ಹೇಳಿದ. ಹಾಗಾದರೆ ನಾನು ಯಾವ ಸಾಲಿಗೆ ಬಂದೆನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಕೆಂಪು ಬಣ್ಣ. ಎರಡೇ ಸೀಟು. ಮೇಲೆ ಬೇಕಾದಾಗ ಮಡಚಿ ಹಿಂದಕ್ಕೆ ಒಗೆಯುವ ಕ್ಯಾನ್ವಾಸ್ ಟಾಪು. ಮೈಯೆಲ್ಲ ಫೈಬರ್, ತಟ್ಟಿದರೆ ನೀರಿನ ಟಾಕಿಯ ಸದ್ದು. ಕರಾವಳಿಯ ಕಡೆ ಯಾರೋ ಧೈರ್ಯವಂತರು ಸಣ್ಣ ಕಾರ್ಖಾನೆ ಹಾಕಿ, ಇಂಥವನ್ನು ಕೆಲವೇ ವರ್ಷ ಮಾಡಿ, ಆಮೇಲೆ ಬಾಗಿಲು ಹಾಕಿಕೊಂಡರು. ಸ್ಪೋರ್ಟ್ಸ್ ಕಾರು ಎಂದೇ ಮಾರಿದರು. ಒಳಗಿನ ಎಂಜಿನ್ ಮಾತ್ರ ಊರಲ್ಲೆಲ್ಲ ಓಡಾಡುವ ಸಣ್ಣ ಕಾರಿನದೇ. ನವನಗರದ ಏರಿನಲ್ಲಿ ಎಮ್ಮೆ ಹಾಲಿನ ಕ್ಯಾನು ಹೇರಿಕೊಂಡ ಮೋಟಾರ್ ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು.

ಇಂಥದ್ದು ಹೇಗೆ ಬೆಲೆ ಬಾಳುವ ಗಾಡಿಯಾಯಿತು ಎಂದು ಪ್ರವೀಣನನ್ನು ಕೇಳಿದೆ. ಪರೀಕ್ಷೆಗೆ ಓದಿಕೊಂಡು ಬಂದವನಂತೆ ಹೇಳಿದ. ಮಾಡಿದ್ದೇ ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ಒಳಗೆ ಕಂಪ್ಯೂಟರಿನ ಕಾರುಬಾರಿಲ್ಲ, ರಸ್ತೆಯ ಹರಳು ಹರಳೂ ಸ್ಟೇರಿಂಗ್‌ನಲ್ಲಿ ಕೈಗೆ ತಿಳಿಯುತ್ತದೆ. ನೆಲಕ್ಕೆ ಹತ್ತಿ ಕೂರುವುದರಿಂದ ನಲವತ್ತರ ವೇಗವೂ ಎಂಬತ್ತರಂತೆ ಅನಿಸುತ್ತದೆ. "ಮತ್ತ ಎಲ್ಲಾಕಿಂತಾ ದೊಡ್ಡದಂದ್ರ ಒರಿಜಿನಲ್ ಇರಬೇಕ್ರಿ. ಕಾರ್ಖಾನಿಯಿಂದ ಹೆಂಗ ಬಂದಿತ್ತೋ ಹಂಗ," ಎಂದು, ಬ್ಯಾಟರಿ ದೀಪ ಹಿಡಿದು ಕಾರಿನ ಬೆನ್ನ ಮೇಲೆ ಕೈಯಾಡಿಸುತ್ತಾ ಹೋದ. ಸೀಟುಗಳ ಹಿಂದೆ ಒಂದು ಕಡೆ ಕೈ ನಿಂತಿತು. "ಇಲ್ಲಿ ಯಾರೋ ಕೊಯ್ದು ಮತ್ತ ಕೂಡಸ್ಯಾರಲ್ರಿ! ಬಣ್ಣದ ಕೆಳಗ ಗೆರಿ ಹತ್ತೈತಿ. ಯಾವ ಪುಣ್ಯಾತ್ಮನ ಕೆಲಸರಿ ಇದು?"

"ಆ ಪುಣ್ಯಾತ್ಮ ನಾನೇರಿ," ಎಂದೆ.

ಈ ಕಾರು ನನ್ನದಲ್ಲ, ನನ್ನ ವಸಂತ ಕಾಕಾನದು. ನನ್ನ ತಂದೆಯ ತಮ್ಮ. ಸರಕಾರಿ ಕಚೇರಿಯೊಂದರಲ್ಲಿ ಇಡೀ ಆಯುಷ್ಯ ಕಟ್ಟಡಗಳ ನಕ್ಷೆ ಬಿಡಿಸಿದವನು. ಮಾತು ಕಡಿಮೆ. ನಿವೃತ್ತಿಯಾದ ಮೇಲೂ ಕಿವಿಯ ಮೇಲೊಂದು ಪೆನ್ಸಿಲು ಇರುತ್ತಿತ್ತು, ಊಟಕ್ಕೆ ಕೂತಾಗ ಅವನ ಹೆಂಡತಿ, ನಮ್ಮ ಕಾಕು, ಅದನ್ನು ತೆಗೆದು ಗೂಡಿನಲ್ಲಿ ಇಡುತ್ತಿದ್ದಳು. ಗೋಪನಕೊಪ್ಪದ ನಮ್ಮ ಮನೆಯಲ್ಲಿ ಆಗ ನಾವು ಹನ್ನೊಂದು ಜನ. ಅಜ್ಜಿ, ನನ್ನ ತಂದೆ ತಾಯಿ, ಕಾಕಾ ಕಾಕು, ನಾನು, ಉಳಿದಂತೆ ತಂಗಿಯರು, ಕಲಿಯಲು ಬಂದಿದ್ದ ಸಂಬಂಧಿಕರ ಮಕ್ಕಳು. ಹನ್ನೊಂದು ಎನ್ನುವುದು ಯಾರೂ ಬೀಗರು ಬರದ ದಿನದ ಲೆಕ್ಕ.

ನಮ್ಮ ಕಡೆಯವರಿಗೆ ಒಂದು ಮಾತು ಬಾಯಲ್ಲಿ ಬರುವುದೇ ಇಲ್ಲ, ನಿಮಗೂ ಗೊತ್ತಿರಬಹುದು: ಜಾಗ ಇಲ್ಲ ಎನ್ನುವ ಮಾತು. ಬಸ್ಸಿನಲ್ಲಿ ಮೂವರ ಸೀಟಿನ ಮೇಲೆ ಮೂವರು ಕೂತಿದ್ದರೆ ನಾಲ್ಕನೆಯವನು ಬಂದು "ಸ್ವಲ್ಪ ಸರೀರಿ" ಎನ್ನುತ್ತಾನೆ, ನಾವು ಸರಿಯುತ್ತೇವೆ. ಐದನೆಯವಳ ಕೂಸು ನಮ್ಮ ತೊಡೆಯ ಮೇಲೆ ಬರುತ್ತದೆ. ನಮ್ಮ ಮನೆಯ ಹಳೆಯ ಕಾರಿನಲ್ಲಿ ಒಂಬತ್ತು ಜನ ನುಗ್ಗೀಕೇರಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿ ಬರುತ್ತಿದ್ದೆವು. ಅದರಲ್ಲಿ ಪ್ರತಿಯೊಬ್ಬರಿಗೂ ಗೊತ್ತಾದ ಸ್ಥಳವಿತ್ತು. ಕಾಕಾ ಗಾಡಿ ಹೊಡೆಯುವವ. ಮೊಣಕಾಲು ನೋವಿನ ಅಜ್ಜಿ ಅವನ ಪಕ್ಕ. ಕಾಕು ಹಿಂದಿನ ಸೀಟಿನ ಮೂಲೆಯಲ್ಲಿ, ತೊಡೆಯ ಮೇಲೆ ಯಾರದೋ ಮಗು, ಕಾಲಸಂದಿಯಲ್ಲಿ ಬುತ್ತಿಯ ಡಬ್ಬಿ. ಮದುವೆಯಾಗಿ ಬಂದ ದಿನದಿಂದ ಆಕೆಯ ಸ್ಥಳ ಅದೇ.

ಇಂಥ ಮನೆಗೆ ಕಾಕಾ ನಿವೃತ್ತನಾದ ವರ್ಷ ಎರಡು ಸೀಟಿನ ಕಾರು ತಂದು ನಿಲ್ಲಿಸಿದ. ಓಣಿಯೇ ನೆರೆಯಿತು. ಅಜ್ಜಿ ಕೋಲೂರಿಕೊಂಡು ಗುಡಿಗೆ ಬಂದವರಂತೆ ಒಂದು ಸುತ್ತು ಹಾಕಿ, "ವಸಂತಾ, ಇದರ ಉಳದ ಭಾಗ ಎಲ್ಲೈತೋ? ಆಮ್ಯಾಲ ಕಳಸ್ತಾರೇನು?" ಎಂದು ಕೇಳಿದಳು.

"ಇಷ್ಟ ಐತಿ ಅವ್ವಾ," ಎಂದ ಕಾಕಾ.

"ಇಬ್ಬರಿಗೆ ಒಂದು ಗಾಡಿಯೇನೋ? ಹುಚ್ಚ ಹಿಡದೈತಿ ಇವಂಗ," ಎಂದು ಅಜ್ಜಿ ಒಳಗೆ ಹೋಗಿ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತಂದಳು. ಬೈದರೂ ದೃಷ್ಟಿ ತೆಗೆಯುವುದನ್ನು ಬಿಡುವವಳಲ್ಲ.

ಅಂದಿನಿಂದ ಪ್ರತಿ ರವಿವಾರ ಸಂಜೆ ಕಾಕಾ ಕಾಕುವನ್ನು ಕೂರಿಸಿಕೊಂಡು ಹೊರಡುತ್ತಿದ್ದ. ಧಾರವಾಡ ದಾಟಿ ಅಮ್ಮಿನಬಾವಿಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುತ್ತಿದ್ದರು. ಗೇಟಿನಲ್ಲಿ ಯಾರಾದರೂ "ನಾವೂ ಬರ್ಲೇನ್ರಿ?" ಎಂದರೆ ಕಾಕಾ ಬಹಳ ಬೇಜಾರಾದವನಂತೆ ಮುಖ ಮಾಡಿ, "ಜಾಗಾ ಇಲ್ಲಲ್ರಿ, ಏನ್ಮಾಡೂದು," ಎನ್ನುತ್ತಿದ್ದ. ಕೇಳಿ ನನಗೆ ನಾಚಿಕೆಯಾಗುತ್ತಿತ್ತು. ನಮ್ಮ ಮನೆತನದವರ ಬಾಯಲ್ಲಿ ಇಂಥ ಮಾತೇ? ಆಗ ನನಗೆ ಇಪ್ಪತ್ತೈದು ವರ್ಷ. ಆ ವಯಸ್ಸಿನಲ್ಲಿ ನನಗೆ ತಿಳಿಯದ ವಿಷಯ ಪ್ರಪಂಚದಲ್ಲಿ ಯಾವುದೂ ಇರಲಿಲ್ಲ. ಕಾಕಾ ಹೊಸ ಗೊಂಬೆ ಸಿಕ್ಕ ಹುಡುಗನಂತಾಗಿದ್ದಾನೆ, ಪಾಪ ಕಾಕು ಗಂಡನ ಹುಚ್ಚಿಗೆ ಜೊತೆಗೊಟ್ಟು ಗಾಳಿಯಲ್ಲಿ ಕೂದಲು ಕೆದರಿಕೊಂಡು ಬರುತ್ತಾಳೆ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ.

ಮೂರು ತಿಂಗಳು ಹೀಗೆ ನಡೆಯಿತು. ಆಮೇಲೆ ಮಗಳ ಬಾಣಂತನಕ್ಕೆಂದು ಕಾಕು ಪುಣೆಗೆ ಹೋಗಬೇಕಾಯಿತು, ಕಾಕಾನೂ ಜೊತೆಗೆ ಹೋದ. ಹೋಗುವಾಗ ಕೀಲಿಕೈ ನನ್ನ ಕೈಗೆ ಕೊಟ್ಟು, "ವಾರಕ್ಕೊಮ್ಮೆ ಚಾಲೂ ಮಾಡಿ ಇಡು," ಎಂದ. ನಾನು ಚಾಲೂ ಮಾಡಿ ಇಡಲಿಲ್ಲ. ಸೀದಾ ಕಮರಿಪೇಟೆಗೆ ಒಯ್ದೆ.

ಕಮರಿಪೇಟೆಯಲ್ಲಿ ಈರಪ್ಪ ಮಿಸ್ತ್ರಿ ಎಂದು ಗಾಡಿಗಳಿಗೆ ಬಾಡಿ ಕಟ್ಟುವವನಿದ್ದ. ಟೆಂಪೋ, ಜೀಪು, ಆಟೋ ಯಾವುದೇ ಬರಲಿ, ಗಿರಾಕಿ ಹೇಳುವುದು ಒಂದೇ: ಇನ್ನೊಬ್ಬರು ಕೂರುವ ಹಾಗೆ ಮಾಡಿಕೊಡು. ಅವನ ಹತ್ತಿರ ಅಳತೆಯ ಟೇಪು ಇರಲಿಲ್ಲ. ಇದ್ದ ಸಂದಿಯಲ್ಲಿ ತಾನೇ ಹೋಗಿ ಮೊಣಕಾಲು ಮಡಚಿ ಕೂರುತ್ತಿದ್ದ. ಕೂರಲು ಬಂದರೆ ಸೀಟು ಬಂದಂತೆ. ನಮ್ಮ ಕಾರಿನ ಹಿಂಬದಿಯನ್ನು ಮಾತ್ರ ಬಹಳ ಹೊತ್ತು ನೋಡಿದ. "ಇದನ್ನ ಕೊಯ್ಯಬೇಕಾಕ್ಕೈತ್ರಿ. ನಿಮ್ಮ ಕಾಕಾರಿಗೆ ಕೇಳೀರೇನ್ರಿ?"

"ಅವರಿಗಾಗೇ ಮಾಡ್ಸಾಕತ್ತೇನಿ. ಬರೂದರಾಗ ಆಗಬೇಕು," ಎಂದೆ.

"ಕೇಳಿದ್ರ ಛಲೋ ಇತ್ತು," ಎಂದು ಗೊಣಗುತ್ತಲೇ ಅವನು ಕೊಯ್ದ. ಡಿಕ್ಕಿ ಮತ್ತು ಅದರ ಮುಂದಿನ ಭಾಗ ಸೇರಿ ಚಹಾದ ಟೇಬಲ್ಲಿನಷ್ಟು ಅಗಲದ ಕೆಂಪು ತುಂಡೊಂದು ಹೊರಗೆ ಬಂತು. ಆ ಜಾಗದಲ್ಲಿ ರೆಕ್ಸಿನ್ ಹೊದಿಸಿದ ಬೆಂಚು ಕೂತಿತು, ಇಬ್ಬರು ಇಕ್ಕಟ್ಟಿನಲ್ಲಿ, ಮೂವರು ಪ್ರೀತಿಯಲ್ಲಿ ಕೂರಬಹುದಾದದ್ದು. ಮೇಲೆ ಉದ್ದನೆಯ ಹೊಸ ಟಾಪು. ಗಾಡಿಯ ಬೆನ್ನು ಡುಬ್ಬದಂತೆ ಎದ್ದಿತು. ನನಗೆ ಮಾತ್ರ ಅದು ಬಹಳ ಚಂದ ಕಂಡಿತು, ಇಡೀ ಊರಿಗೆ ಉಪಕಾರ ಮಾಡಿದವನಂತೆ ಓಡಿಸಿಕೊಂಡು ಬಂದೆ.

ಕಾಕಾ ಕಾಕು ಪುಣೆಯಿಂದ ಬಂದ ದಿನ ಮನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಹೊದಿಕೆ ಎಳೆದೆ. ಕಾಕಾ ನೋಡಿದ. ಕಿವಿಯ ಮೇಲಿನ ಪೆನ್ಸಿಲು ತೆಗೆದು, ತಿರುವಿ, ಮತ್ತೆ ಅಲ್ಲೇ ಇಟ್ಟುಕೊಂಡ. ಕಾಕು ಹತ್ತಿರ ಬಂದು ಬೆಂಚಿನ ಮೇಲೆ ಕೈಯಿಟ್ಟಳು.

"ಇದು ಯಾರಿಗಪಾ?"

"ನಿಮಗೇ ಕಾಕು. ಅಜ್ಜಿ ಮುಂದ ಕುಂತ್ರ ನೀವು ಹಿಂದ ಆರಾಮ ಕುಂದರಬಹುದು. ಇನ್ನ ಎಲ್ಲಾರೂ ಕೂಡೇ ಹೋಗೂಣು."

"ಹೌದಲಾ," ಎಂದಳು ಕಾಕು. "ನನ್ನ ಜಾಗಾ ಹುಡುಕಿ ಇಟ್ಟೀದಿ ನೋಡು."

ನಾನು ಅದನ್ನು ಮೆಚ್ಚುಗೆಯೆಂದೇ ತೆಗೆದುಕೊಂಡೆ. ಕಾಕಾ ನನ್ನ ಬೆನ್ನು ತಟ್ಟಿ, "ಛಲೋ ಮಾಡೀಯಪಾ," ಎಂದ.

ಆಮೇಲಿನ ರವಿವಾರಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿವೆ. ಅಜ್ಜಿ ಮುಂದೆ. ಹಿಂದೆ ಕಾಕು, ಪಕ್ಕದಲ್ಲಿ ನನ್ನ ತಂಗಿ, ತೊಡೆಯ ಮೇಲೆ ಒಂದು ಮಗು, ಕೆಲವೊಮ್ಮೆ ಪಕ್ಕದ ಮನೆಯ ಅಕ್ಕನವರು. ನುಗ್ಗೀಕೇರಿ, ಉಣಕಲ್ಲು, ಯಾರದೋ ಮನೆಯ ಸೀಮಂತ. ಅಮ್ಮಿನಬಾವಿಯ ದಾರಿ ಮರೆತುಹೋಯಿತು. ಕಾಕಾ ಚಕಾರವೆತ್ತದೆ ಎಲ್ಲರನ್ನೂ ಹೊತ್ತು ತಿರುಗಿದ. ದೀಪಾವಳಿಯ ಹೊತ್ತಿಗೆ ಕಾಕು "ನೀವ ಹೋಗ್ಬರ್ರಿ, ನನಗ ಅಡಗಿ ಐತಿ," ಎನ್ನತೊಡಗಿದಳು. ಆಕೆಗೆ ವಯಸ್ಸಾಯಿತು ಎಂದುಕೊಂಡೆ. ನೋಡಿ, ನನ್ನ ತೀರ್ಮಾನಗಳಿಗೆ ಬರವೇ ಇರಲಿಲ್ಲ.

ಮುಂದಿನ ವರ್ಷ ನನ್ನ ಮದುವೆಯಾಯಿತು. ಶೈಲಾ ಮನೆಗೆ ಬಂದಳು, ಹನ್ನೆರಡನೆಯವಳಾಗಿ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಉಣಕಲ್ಲ ಕೆರೆಗೆ ಹೋಗೋಣವೆಂದು ಆಕೆ ಮೆಲ್ಲಗೆ ಕೇಳಿದಳು. ನಾನು ಅಂಗಳದಲ್ಲಿ ನಿಂತು "ಕೆರಿಗೆ ಹೊಂಟೇವಿ, ಯಾರ್ಯಾರ ಬರ್ತೀರಿ?" ಎಂದು ಕೂಗಿದೆ. ಐದು ಜನ ಬಂದರು. ಕೆರೆಯ ದಂಡೆಯಲ್ಲಿ ಮೆಕ್ಕೆತೆನೆ ತಿನ್ನುತ್ತಾ ಎಲ್ಲರೂ ಬಹಳ ನಕ್ಕೆವು. ಮನೆಗೆ ಬಂದು ನೋಡಿದರೆ ಶೈಲಾ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಯಾಕೆಂದು ಕೇಳಿದರೆ ಹೇಳಳು. ನನಗೋ ದಿಕ್ಕೇ ತೋಚಲಿಲ್ಲ. ಅಷ್ಟು ಜನ ಜೊತೆಗಿರುವಾಗ ಯಾರಾದರೂ ಅಳುತ್ತಾರೆಯೇ!

ಆಕೆಯನ್ನು ಸಮಾಧಾನ ಮಾಡಿದವಳು ಕಾಕು. ಕಾಕು ಏನು ಹೇಳಿದಳೆಂಬುದನ್ನು ಶೈಲಾ ಎರಡು ದಿನ ಬಿಟ್ಟು ಮಾಳಿಗೆಯ ಮೇಲೆ ಹಪ್ಪಳ ತಿರುವಿ ಹಾಕುತ್ತಾ ನನಗೆ ಹೇಳಿದಳು.

"ಕಾಕು ಅಂದ್ರು: ನನ್ನ ಮದುವ್ಯಾಗಿ ಮೂವತ್ತೊಂದು ವರ್ಷಕ್ಕ ನಾವಿಬ್ಬರ ಒಂದು ಗಾಡ್ಯಾಗ ಕುಂತಿದ್ವಿ. ಮೂರು ತಿಂಗಳು ಸಿಕ್ಕಿತ್ತವಾ. ಏನ ಭಾಳ ಮಾತಾಡ್ತಿರಲಿಲ್ಲ. ಅವರು ಗಾಡಿ ಹೊಡೀತಿದ್ರು, ನಾ ಬಾಜೂಕ ಕುಂದರ್ತಿದ್ದೆ. ಅಮ್ಮಿನಬಾವಿ ಹಾದ್ಯಾಗ ಒಂದ ಹುಣಸೀ ಗಿಡದ ಕೆಳಗ ನಿಂದ್ರಿಸಿ, ಇಬ್ಬರೂ ಶೇಂಗಾ ತಿಂದು ಬರ್ತಿದ್ವಿ. 'ಜಾಗಾ ಇದ್ದಾಗ ಜಾಗಾ ಇಲ್ಲ ಅಂತ ಸುಳ್ಳ ಹೇಳಾಕ ನನಗ ಬರೂದಿಲ್ಲ, ಅದಕ್ಕ ಜಾಗಾ ಇಲ್ಲದ ಗಾಡೀನ ತಂದೆ' ಅಂತಿದ್ರು. ನಿನ್ನ ಗಂಡ ಕೆಟ್ಟಂವ ಅಲ್ಲವಾ, ಅಂವಗ ತಿಳೀಲಿಲ್ಲ ಅಷ್ಟ."

ನನ್ನ ಕೈಯಲ್ಲಿದ್ದ ಹಪ್ಪಳ ಮುರಿಯಿತು. ಎಂಥ ಕೆಲಸ ಮಾಡಿದೆನಪ್ಪಾ! ಮೂವತ್ತೊಂದು ವರ್ಷ ಕಾದು ಗಳಿಸಿದ ಒಂದು ಸಂಜೆಯನ್ನು ನಾನು ಗರಗಸ ಹಾಕಿ ಕೊಯ್ಯಿಸಿದ್ದೆ, ಮೇಲೆ ಬೆನ್ನು ಬೇರೆ ತಟ್ಟಿಸಿಕೊಂಡಿದ್ದೆ.

ಮರುದಿನ ಕಾಕಾನಿಗೆ ಏನೋ ನೆವ ಹೇಳಿ ಗಾಡಿ ತೆಗೆದುಕೊಂಡು ಕಮರಿಪೇಟೆಗೆ ಹೋದೆ. ಹಿಂದಿನ ಬೆಂಚು ತೆಗೆದು ಮೊದಲಿನಂತೆ ಮಾಡಲು ಬರುತ್ತದೋ ಎಂದು ಅಳುಕುತ್ತಾ ಕೇಳಿದೆ. ಈರಪ್ಪ ಶೆಡ್ಡಿನ ಒಳಗೆ ಹೋಗಿ ಗೋಡೆಗೆ ಆನಿಸಿದ್ದ ಗೋಣಿಚೀಲ ಸರಿಸಿದ. ಅದರ ಹಿಂದೆ ಆ ಕೆಂಪು ತುಂಡು, ಹಳೆಯ ಟಾಪಿನ ಸಮೇತ.

"ಇದನ್ನ ಇನ್ನೂ ಇಟ್ಟೀರೇನ್ರಿ?"

"ನಿಮ್ಮ ಕಾಕಾರು ಹೇಳಿದ್ರು ಅಂತ ಇಟ್ಟೇನ್ರಿ. ಪುಣೇದಿಂದ ಬಂದ ವಾರದಾಗ ಬಂದಿದ್ರು. 'ಈರಪ್ಪಾ, ಇದನ್ನ ಒಗೀಬ್ಯಾಡ. ಹುಡುಗ ಭಾಳ ಆಶಾದಿಂದ ಮಾಡ್ಸ್ಯಾನ, ಅವನ ಮನಸ್ಸು ನೋಯಿಸೂದು ಬ್ಯಾಡ. ಅವಂದೂ ಮದುವ್ಯಾಗಲಿ, ತಾನ ತಗೊಂಡು ಬರ್ತಾನ,' ಅಂದ್ರು."

ನಾನು ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂತು ಅತ್ತೆ. ಈರಪ್ಪ ಚಹಾ ತರಿಸಿದ. ಅವನೂ ಒಂದು ಕಪ್ಪು ಕುಡಿದು, "ಜಗ್ಗಿ ಮಂದಿಗೆ ಸೀಟು ಹೆಚ್ಚ ಮಾಡಿಕೊಟ್ಟೇನ್ರಿ. ಕಡಿಮಿ ಮಾಡಾಕ ಬಂದಾವರು ನೀವ ಮೊದಲನೇದವರು," ಎಂದು ಕೆಲಸಕ್ಕೆ ಹತ್ತಿದ.

ನಾಲ್ಕು ದಿನಕ್ಕೆ ಗಾಡಿ ಮನೆಗೆ ಬಂತು. ಅಂದು ರವಿವಾರ. ಅಂಗಳದಲ್ಲಿ ನಿಲ್ಲಿಸಿ ಕೀಲಿಕೈ ಕಾಕಾನ ಕೈಗೆ ಕೊಟ್ಟೆ. ಮಾಫಿ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದೆ, ಬಾಯಿಂದ ಬಂದದ್ದು "ಬೆಂಚು ತೆಗಿಸೇನ್ರಿ" ಎಂಬುದೊಂದೇ. ಕಾಕಾ ಗಾಡಿಯ ಬೆನ್ನನ್ನು ಒಮ್ಮೆ ಸವರಿ, "ಕಾಕೂಗ ಕರೀ," ಎಂದಷ್ಟೇ ಹೇಳಿದ. ಕಾಕು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. ನೋಡಿದಳು. ಅಡಿಗೆ ಇದೆ ಎನ್ನಲಿಲ್ಲ. ಗೇಟಿನ ಹತ್ತಿರ ಅಜ್ಜಿ ಕೋಲೂರಿ ನಿಂತಿದ್ದಳು. "ವಸಂತಾ, ನಾನೂ ಬರ್ಲೇನೋ?"

"ಜಾಗಾ ಇಲ್ಲವ್ವಾ," ಎಂದ ಕಾಕಾ. ಅವನ ಮುಖದಲ್ಲಿ ಅಂದು ಕಂಡ ಸಂತೋಷ ನನ್ನ ಮದುವೆಯ ಫೋಟೋದಲ್ಲಿ ನನ್ನ ಮುಖದಲ್ಲೂ ಇಲ್ಲ.

ಆಮೇಲೆ ಹನ್ನೆರಡು ವರ್ಷ, ಕಾಕಾನ ಕಣ್ಣು ಮಂಜಾಗುವ ತನಕ, ಅವರ ರವಿವಾರ ತಪ್ಪಲಿಲ್ಲ. ಕಾಕಾ ತೀರಿಕೊಂಡು ಈಗ ಆರು ವರ್ಷವಾಯಿತು.

ಇಷ್ಟನ್ನೂ ನಾನು ಪ್ರವೀಣನಿಗೆ ಹೇಳಿದೆ. ಕೇಳುವ ಮೊದಲು ಅವನು, ಪುಣೆಯಲ್ಲಿ ಫೈಬರ್ ಕೆಲಸದ ಒಳ್ಳೆಯ ಮನುಷ್ಯನಿದ್ದಾನೆ, ಆ ಗೆರೆ ಯಾರ ಕಣ್ಣಿಗೂ ಬೀಳದಂತೆ ಮಾಡಿಕೊಡುತ್ತಾನೆ, ಆಮೇಲೆ ಪ್ರದರ್ಶನದಲ್ಲಿ ಇದರ ಸಮ ಇನ್ನೊಂದು ಇರುವುದಿಲ್ಲ ಎಂದು ಹೇಳುತ್ತಿದ್ದ. ಕೇಳಿದ ಮೇಲೆ ಬ್ಯಾಟರಿ ದೀಪ ಆರಿಸಿ ಕಿಸೆಗೆ ಹಾಕಿಕೊಂಡ.

"ಆ ಗೆರಿ ಇರಲಿ ಬಿಡ್ರಿ," ಎಂದ. "ಸಿಪ್ಪಿನೂ ಅಲ್ಲೇ ಇಡ್ರಿ. ನಾ ನೋಡೇನಿ, ನೀವು ಕಿಸೇದಾಗ ಹಾಕ್ಕೊಂಡ್ರಿ."

ಅವನು ಹೇಳಿದ ಕಾರಣಗಳೆಲ್ಲ ಸುಳ್ಳಲ್ಲ. ಕಡಿಮೆ ಮಾಡಿದ್ದು ಖರೆ, ಕಾರ್ಖಾನೆ ಮುಚ್ಚಿದ್ದು ಖರೆ, ಸ್ಟೇರಿಂಗ್‌ನಲ್ಲಿ ಹರಳು ತಿಳಿಯುವುದೂ ಖರೆ. ಆದರೆ ಎಲ್ಲರಿಗೂ ಆಗಿಬರುವ ನಮ್ಮ ಹಳೆಯ ಒಂಬತ್ತು ಜನರ ಕಾರು ಎಲ್ಲಿ ಹೋಯಿತೋ ನನಗೆ ನೆನಪೇ ಇಲ್ಲ. ಒಳ್ಳೆಯ ಗಾಡಿಯೇ ಅದು, ಕೈ ಕೊಟ್ಟಿದ್ದಿಲ್ಲ. ಈ ಎರಡು ಸೀಟಿನದು ಮಾತ್ರ ಉಳಿಯಿತು. ಅದಕ್ಕೆ ಬರುತ್ತಿದ್ದ ಕೆಲಸ ಒಂದೇ, ಆ ಕೆಲಸವನ್ನು ಬೇರೆ ಯಾವ ಗಾಡಿಯೂ ಕಾಕಾನಿಗೆ ಮಾಡಿಕೊಡುತ್ತಿರಲಿಲ್ಲ. ಪ್ರವೀಣನ ಗುಂಪಿನವರೂ ಬಹುಶಃ ಇಂಥದ್ದೇ ಏನನ್ನೋ ಒಳಗೆ ಇಟ್ಟುಕೊಂಡು, ಹೊರಗೆ ಎಂಜಿನ್ನಿನ ಮಾತು ಆಡುತ್ತಾರೆ ಎಂದು ನನ್ನ ಗುಮಾನಿ.

ಹೊರಡುವ ಮುಂಚೆ ಪ್ರವೀಣ ಎಂಜಿನ್ ಚಾಲೂ ಮಾಡಿಸಿ ಕೇಳಿದ. "ನಿಂತ ಗಾಡಿ ಲಗೂ ಕೆಡತಾವ್ರಿ. ಹೊರಗ ಒಯ್ದು ಎಷ್ಟ ದಿನ ಆತು?"

ಕಾಕಾ ಹೋದ ಮೇಲೆ ಗಾಡಿಯನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದೇನೆ. ಪ್ರತಿ ರವಿವಾರ ಹೊದಿಕೆ ತೆಗೆದು ಒರೆಸುತ್ತೇನೆ, ಖಂಡೇನವಮಿಗೆ ಆಯುಧಪೂಜೆ ಮಾಡುತ್ತೇನೆ, ಬ್ಯಾಟರಿ ಬದಲಿಸುತ್ತೇನೆ, ಅಂಗಳದಲ್ಲೇ ಚಾಲೂ ಮಾಡಿ ಬಂದ್ ಮಾಡುತ್ತೇನೆ. ಗೇಟಿನ ಹೊರಗೆ ಒಯ್ದಿಲ್ಲ. ಜೋಪಾನ ಎಂದರೆ ಅಷ್ಟೇ ಎಂದು ತಿಳಿದಿದ್ದೆ.

ಪ್ರವೀಣ ಹೋದ. ನಾನು ಹೊದಿಕೆ ಎತ್ತಿಕೊಂಡೆ. ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಕಾಕು, ಎಪ್ಪತ್ತೆಂಟು ದಾಟಿದರೂ ಕಿವಿ ಬಹಳ ಚುರುಕು, ಅಲ್ಲಿಂದಲೇ ಕೂಗಿದಳು.

"ಅದನ್ನ ಮತ್ತ ಯಾಕ ಮುಚ್ಚತೀಯೋ? ನೀನೂ ಶೈಲಾನೂ ಇಬ್ಬರ ಎಲ್ಲೆರ ಹೋಗಿ ಎಷ್ಟ ವರ್ಷ ಆತು?"

ಶೈಲಾ ಬಾಗಿಲಲ್ಲಿ ನಿಂತಿದ್ದಳು. ಮದುವೆಯಾದ ಹೊಸತರ ಆ ಕೆರೆಯ ದಂಡೆಯ ಸಂಜೆ ನನಗೂ ಆಕೆಗೂ ಒಟ್ಟಿಗೇ ನೆನಪಾಯಿತು ಎಂದು ಆಕೆಯ ಮುಖ ನೋಡಿ ತಿಳಿಯಿತು. ಬೆಂಚು ತೆಗೆಸಿದ್ದೆ, ಪಾಠ ಕಲಿತೆನೆಂದು ಬೀಗಿದ್ದೆ, ಇಷ್ಟು ವರ್ಷ ಖಾಲಿ ಸೀಟನ್ನು ಒರೆಸುತ್ತಾ ಕಳೆದಿದ್ದೆ. ನಾನು ಹೊದಿಕೆಯನ್ನು ಮಡಚಿ ಕಟ್ಟೆಯ ಮೇಲಿಟ್ಟು, ಎಡಗಡೆಯ ಬಾಗಿಲು ತೆಗೆದೆ. ಶೈಲಾ ಚಪ್ಪಲಿ ಮೆಟ್ಟಿಕೊಂಡು ಬಂದು ಕೂತಳು. ಕಾಕು ಒಳಗೆ ಹೋಗಿ ಹುರಿದ ಶೇಂಗಾದ ಪೊಟ್ಟಣವೊಂದನ್ನು ತಂದು ಆಕೆಯ ಉಡಿಯಲ್ಲಿ ಹಾಕಿದಳು. "ಹುಣಸೀ ಗಿಡ ಇನ್ನೂ ಐತೋ ಇಲ್ಲೋ, ನೋಡಿ ಬಂದು ಹೇಳ್ರಿ," ಎಂದಳು.

ಗಾಡಿ ಗೇಟು ದಾಟಿತು. ಕನ್ನಡಿಯಲ್ಲಿ ನೋಡಿದರೆ ಕಾಕು ಒಬ್ಬಳೇ ಗೇಟು ಹಿಡಿದುಕೊಂಡು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಬ್ರೇಕ್ ಹಾಕಿ, ಕುತ್ತಿಗೆ ಹೊರಳಿಸಿ ಕೂಗಿಯೇಬಿಟ್ಟೆ.

"ಕಾಕು, ನೀವೂ ಬರ್ರಿ!"

"ಜಾಗಾ ಎಲ್ಲೈತೋ, ಹುಚ್ಚಪ್ಪಾ?" ಎಂದು ಕಾಕು ನಗುತ್ತಾ ಗೇಟು ಹಾಕಿಕೊಂಡಳು.